ಕುಸಿದ ಬೆನ್ನುಮಣಿಗೆ ಸೂಜಿಯಲ್ಲಿ ಸಿಮೆಂಟು: ಯಾರಿಗೆ, ಯಾವಾಗ?

ಬೆನ್ನುನೋವಿನ ಬಗ್ಗೆ ನಾವು ನಡೆಸಿದ ಮಾತುಕತೆಯ ಕೊನೆಯ ಕರೆಗೆ ಪೂರ್ತಿ ಉತ್ತರ ಕೊಡಲು ಆಗಲಿಲ್ಲ. ಸಮಯ ಮುಗಿಯಿತೆಂದು ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದರು. ಕರೆ ಮಾಡಿದವರು ಒಬ್ಬ ಮಗಳು. "ಡಾಕ್ಟ್ರೇ, ನಮ್ಮ ತಾಯಿಗೆ 68 ವರ್ಷ. ಮೂರು ವಾರದ ಹಿಂದೆ ಬಸ್ಸಿನ ಕೊನೇ ಸೀಟಿನಲ್ಲಿ ಕೂತಿದ್ದರು. ಹಂಪ್ ಬಂದಾಗ ಎತ್ತಿ ಹಾಕಿತು. ಆವತ್ತಿನಿಂದ ಹಾಸಿಗೆಯಲ್ಲಿ ಮಗ್ಗುಲಾಗೋಕೂ ಆಗ್ತಿಲ್ಲ. ಒಬ್ಬ ಡಾಕ್ಟ್ರು ಬೆನ್ನಿಗೆ ಸಿಮೆಂಟು ಹಾಕಿಸಿಬಿಡಿ, ನಾಳೆಯೇ ಓಡಾಡ್ತಾರೆ ಅಂತಾರೆ. ಇನ್ನೊಬ್ಬರು ಏನೂ ಬೇಡ, ಮಲಗಿಸಿ, ತಾನೇ ಸರಿಹೋಗುತ್ತೆ ಅಂತಾರೆ. ಯಾರ ಮಾತು ಕೇಳೋದು?"

ಇಬ್ಬರು ಹೇಳಿದ್ದೂ ಅರ್ಧರ್ಧ ಸರಿ ಎಂದಷ್ಟೇ ಹೇಳಿ ಮುಗಿಸಬೇಕಾಯಿತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮುರಿದದ್ದು ಏನು?

ಬೆನ್ನೆಲುಬು ಒಂದೇ ಮೂಳೆಯಲ್ಲ. ಕತ್ತಿನಲ್ಲಿ 7, ಎದೆಯ ಹಿಂಬದಿಯಲ್ಲಿ 12, ಸೊಂಟದಲ್ಲಿ 5, ಹೀಗೆ 24 ಬಿಡಿ ಮಣಿಗಳು ಒಂದರ ಮೇಲೊಂದು ಕುಳಿತಿರುತ್ತವೆ. ಪ್ರತಿ ಮಣಿಯ ಮುಂಭಾಗ ಒಂದು ಪುಟ್ಟ ಡಬ್ಬಿಯಂತಿದ್ದು ದೇಹದ ಭಾರ ಹೊರುತ್ತದೆ. ಹಿಂಭಾಗದಲ್ಲಿ ಉಂಗುರದಂತಹ ರಚನೆ ಇದೆ. ಅದರೊಳಗೆ ಬೆನ್ನುಹುರಿ ಇಳಿದು ಬರುತ್ತದೆ. ಮುಂದಿನ ಡಬ್ಬಿಯ ಹೊರಗೋಡೆ ತೆಳುವಾದ ಗಟ್ಟಿ ಮೂಳೆ. ಒಳಗೆ ಗಟ್ಟಿಯಾಗಿರುವುದಿಲ್ಲ, ಜೇನುಗೂಡಿನಂತೆ ಸಣ್ಣ ಸಣ್ಣ ಗೋಡೆಗಳಿರುತ್ತವೆ. ವಯಸ್ಸಾದಂತೆ, ಅದರಲ್ಲೂ ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ, ಈ ಒಳಗೋಡೆಗಳು ತೆಳುವಾಗಿ ಅಲ್ಲಲ್ಲಿ ಕಡಿದುಹೋಗುತ್ತವೆ. ಇದೇ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ.

ನಮ್ಮಲ್ಲಿ ಮಂಡಿ ನೋವಿಗೂ "ಮೂಳೆ ಸವೆದಿದೆ" ಎನ್ನುತ್ತಾರೆ, ಇದಕ್ಕೂ ಹಾಗೆಯೇ ಎನ್ನುತ್ತಾರೆ. ಇದರಿಂದ ಆಗಿರುವ ಗೊಂದಲ ಅಷ್ಟಿಷ್ಟಲ್ಲ. ಮಂಡಿಯಲ್ಲಿ ಸವೆಯುವುದು ಕೀಲಿನ ಮೃದ್ವಸ್ಥಿ. ಇಲ್ಲಿ ಟೊಳ್ಳಾಗುವುದು ಮೂಳೆಯ ಒಡಲು. ಎರಡೂ ಬೇರೆ ಕಾಯಿಲೆಗಳು, ಔಷಧಿಯೂ ಬೇರೆ.

ಹೀಗೆ ಟೊಳ್ಳಾದ ಮಣಿ ಸೌದೆಯಂತೆ ಎರಡು ತುಂಡಾಗುವುದಿಲ್ಲ. ಬೆಂಕಿಪೊಟ್ಟಣವನ್ನು ಹೆಬ್ಬೆರಳಿನಿಂದ ಒತ್ತಿದರೆ ಹೇಗೆ ಕುಸಿಯುತ್ತದೆಯೋ ಹಾಗೆ ಅದರ ಮುಂಭಾಗ ಕುಸಿಯುತ್ತದೆ. ಎದೆಯ ಭಾಗ ಮುಗಿದು ಸೊಂಟದ ಭಾಗ ಶುರುವಾಗುವ ಜಾಗದಲ್ಲಿ ಇದು ಹೆಚ್ಚು. ದೊಡ್ಡ ಪೆಟ್ಟೇ ಬೀಳಬೇಕೆಂದಿಲ್ಲ. ನೀರಿನ ಕೊಡ ಎತ್ತುವುದು, ಬಗ್ಗಿ ಅಕ್ಕಿ ಮೂಟೆ ಎಳೆಯುವುದು, ಬಚ್ಚಲಲ್ಲಿ ಜಾರಿ ಕುಕ್ಕರಿಸಿ ಬೀಳುವುದು, ಬಸ್ಸಿನ ಹಿಂದಿನ ಸೀಟಿನಲ್ಲಿ ಒಮ್ಮೆ ಎಗರುವುದು, ಇಷ್ಟು ಸಾಕು. ಮೂಳೆ ತೀರಾ ದುರ್ಬಲವಾಗಿದ್ದರೆ ಜೋರಾಗಿ ಕೆಮ್ಮಿದರೂ ಸಾಕು. ಆಶ್ಚರ್ಯವೆಂದರೆ, ಇಂಥ ಮುರಿತಗಳಲ್ಲಿ ಸುಮಾರು ಮೂರರಲ್ಲಿ ಎರಡು ಯಾರ ಗಮನಕ್ಕೂ ಬರುವುದಿಲ್ಲ. "ಅಜ್ಜಿಗೆ ವಯಸ್ಸಾಯಿತು, ಗೂನು ಬಂತು" ಎಂದುಕೊಂಡು ಸುಮ್ಮನಾಗುತ್ತೇವೆ. ಆ ಗೂನಿನೊಳಗೆ ಎರಡು ಮೂರು ಕುಸಿದ ಮಣಿಗಳಿರಬಹುದು.

ಉಳಿದವರಿಗೆ ನೋವು ತೀವ್ರವಾಗಿರುತ್ತದೆ. ಇಂಥ ದಿನ, ಇಂಥ ಹೊತ್ತಿಗೆ ಶುರುವಾಯಿತೆಂದು ರೋಗಿ ಬೊಟ್ಟು ಮಾಡಿ ಹೇಳುತ್ತಾರೆ. ಅಲುಗಾಡದೆ ಮಲಗಿದ್ದರೆ ತಡೆದುಕೊಳ್ಳಬಹುದು. ಎದ್ದು ಕೂರುವಾಗ, ಮಗ್ಗುಲು ಬದಲಿಸುವಾಗ ಪ್ರಾಣ ಹೋದಂತಾಗುತ್ತದೆ. ಪಕ್ಕೆಲುಬಿನ ಸುತ್ತ ಬಳಸಿ ಹೊಟ್ಟೆಯ ಕಡೆಗೂ ಬರುವುದರಿಂದ ಕೆಲವರು ಇದನ್ನು ಗ್ಯಾಸ್ ಎಂದು ತಿಳಿದು ವಾರಗಟ್ಟಲೆ ಮಾತ್ರೆ ನುಂಗುವುದುಂಟು.

"ಮಲಗಿಸಿ, ಸರಿಹೋಗುತ್ತೆ"

ಎರಡನೆಯ ವೈದ್ಯರ ಮಾತನ್ನು ಮೊದಲು ನೋಡೋಣ. ಸರಿಹೋಗುತ್ತದೆ ಎಂಬುದು ಬಹುಪಾಲು ನಿಜ. ಮಣಿಯ ಮುರಿತವೂ ಮಿಕ್ಕ ಮೂಳೆಗಳಂತೆಯೇ ಕೂಡಿಕೊಳ್ಳುತ್ತದೆ. ಹೆಚ್ಚಿನವರಿಗೆ 6 ರಿಂದ 12 ವಾರಗಳಲ್ಲಿ ನೋವು ಸಾಕಷ್ಟು ಇಳಿಯುತ್ತದೆ. ಅಲ್ಲಿಯವರೆಗೆ ನೋವು ನಿವಾರಕ, ಬೇಕಾದರೆ ಕೆಲವು ವಾರ ಸೊಂಟಕ್ಕೆ ಪಟ್ಟಿ, ಆಮೇಲೆ ವ್ಯಾಯಾಮ. ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ತಾವೇ ನುಂಗುವುದು ಬೇಡ. ಮೂತ್ರಪಿಂಡ ದುರ್ಬಲವಾಗಿರುವವರಿಗೆ, ಹೃದಯದ ಕಾಯಿಲೆ ಅಥವಾ ಹೊಟ್ಟೆಹುಣ್ಣು ಇರುವವರಿಗೆ ಅದರಲ್ಲಿ ಕೆಲವು ವಿಷವಾಗುತ್ತವೆ.

ತಪ್ಪಿರುವುದು "ಮಲಗಿಸಿ" ಎಂಬ ಮಾತಿನಲ್ಲಿ. ಎರಡು ಮೂರು ದಿನ ಸರಿ, ಆರು ವಾರ ಅಲ್ಲ. ಹಾಸಿಗೆ ಹಿಡಿದ ವೃದ್ಧರಲ್ಲಿ ಮಾಂಸಖಂಡ ಕರಗುತ್ತದೆ, ಉಳಿದ ಮೂಳೆಯೂ ಇನ್ನಷ್ಟು ಟೊಳ್ಳಾಗುತ್ತದೆ, ಬೆನ್ನಿಗೆ ಹುಣ್ಣಾಗುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಶ್ವಾಸಕೋಶದಲ್ಲಿ ಸೋಂಕು ಸೇರುತ್ತದೆ. ಮುರಿದ ಮಣಿಗಿಂತ ಇವೇ ಅಪಾಯಕಾರಿ. ಎಷ್ಟೇ ಮಾತ್ರೆ ಕೊಟ್ಟರೂ ಎದ್ದು ಕೂರಲಾಗದ ರೋಗಿಗಳು ಕೆಲವರಿರುತ್ತಾರೆ. ಸಿಮೆಂಟಿನ ಪ್ರಶ್ನೆ ಹುಟ್ಟುವುದು ಇವರ ವಿಷಯದಲ್ಲಿ ಮಾತ್ರ.

ಫ್ರಾನ್ಸಿನ ಒಂದು ಸೂಜಿ

ಸಿಮೆಂಟು ಎಂದರೆ ಮನೆ ಕಟ್ಟುವ ಸಿಮೆಂಟಲ್ಲ. ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬ ಅಕ್ರಿಲಿಕ್ ವಸ್ತು. ಹಲ್ಲಿನ ಸೆಟ್ಟಿನ ಗುಲಾಬಿ ಬಣ್ಣದ ಒಸಡು ಇದೇ ಜಾತಿಯದು. ಕೃತಕ ಸೊಂಟದ ಕೀಲನ್ನು ಮೂಳೆಗೆ ಕೂರಿಸಲು 1960ರ ದಶಕದಿಂದಲೂ ಇದನ್ನು ಬಳಸುತ್ತಿದ್ದಾರೆ.

ಇದನ್ನು ಸೂಜಿಯ ಮೂಲಕ ಬೆನ್ನುಮಣಿಯೊಳಗೆ ಹಾಕುವ ಯೋಚನೆ ಬಂದದ್ದು ಉತ್ತರ ಫ್ರಾನ್ಸಿನ ಅಮಿಯಾನ್ ನಗರದಲ್ಲಿ, 1984ರಲ್ಲಿ. ನರಶಸ್ತ್ರವೈದ್ಯ ಪಿಯರ್ ಗಾಲಿಬೇರ್, ಕ್ಷಕಿರಣ ತಜ್ಞ ಎರ್ವೆ ದೆರಾಮೋಂಡ್ ಎಂಬಿಬ್ಬರ ಬಳಿ ತೀವ್ರ ಕತ್ತುನೋವಿನ ರೋಗಿಯೊಬ್ಬರು ಬಂದಿದ್ದರು. ಅವರ ಕತ್ತಿನ ಎರಡನೆಯ ಮಣಿಯನ್ನು ರಕ್ತನಾಳಗಳ ಗಂಟೊಂದು ಒಳಗಿನಿಂದ ತಿಂದುಹಾಕಿತ್ತು. ಟೊಳ್ಳಾದ ಆ ಜಾಗವನ್ನು ಸಿಮೆಂಟಿನಿಂದ ತುಂಬಿದರು, ನೋವು ಹೋಯಿತು. ಈ ಚಿಕಿತ್ಸೆಗೆ ವರ್ಟಿಬ್ರೋಪ್ಲಾಸ್ಟಿ ಎಂದು ಹೆಸರಾಯಿತು. 1987ರಲ್ಲಿ ಅವರ ವರದಿ ಪ್ರಕಟವಾಯಿತು. ಗಂಟಿಗೆ ಹುಟ್ಟಿದ ಚಿಕಿತ್ಸೆ ಬೇಗನೆ ಟೊಳ್ಳುಮೂಳೆಯ ಮುರಿತಕ್ಕೂ ಹರಡಿತು.

ಮಾಡುವ ಕ್ರಮ ಕೇಳುವುದಕ್ಕೆ ಭಯವಾದರೂ ಅಷ್ಟು ಘೋರವಾದುದಲ್ಲ. ರೋಗಿಯನ್ನು ಬೋರಲಾಗಿ ಮಲಗಿಸುತ್ತಾರೆ. ಸಾಮಾನ್ಯವಾಗಿ ಪೂರ್ತಿ ಪ್ರಜ್ಞೆ ತಪ್ಪಿಸುವ ಅಗತ್ಯವಿಲ್ಲ. ಆ ಜಾಗಕ್ಕೆ ಮರವಿನ ಮದ್ದು, ಜೊತೆಗೆ ಸ್ವಲ್ಪ ಮಂಪರು ಸಾಕು. ಮಣಿಯ ಡಬ್ಬಿಯನ್ನು ಹಿಂದಿನ ಉಂಗುರಕ್ಕೆ ಸೇರಿಸುವ ಎರಡು ಗಿಡ್ಡ ಕಂಬಗಳಿವೆ. ಪೆಡಿಕಲ್ ಎನ್ನುತ್ತೇವೆ. ಎಕ್ಸ್-ರೇ ಪರದೆಯನ್ನು ನೋಡುತ್ತಾ ಆ ಕಂಬದ ಒಳಗಿನಿಂದಲೇ ಸೂಜಿಯನ್ನು ಡಬ್ಬಿಯೊಳಗೆ ತಲುಪಿಸಬೇಕು. ಕಂಬದ ಮಗ್ಗುಲಲ್ಲೇ ಬೆನ್ನುಹುರಿ ಮತ್ತು ನರಗಳಿರುವುದರಿಂದ ಕೈ ಪಳಗಿರಬೇಕು. ಪುಡಿ ಮತ್ತು ದ್ರವವನ್ನು ಕಲಸಿದಾಗ ಸಿಮೆಂಟು ಮೊದಲು ದೋಸೆ ಹಿಟ್ಟಿನಂತಿರುತ್ತದೆ. ಟೂತ್‌ಪೇಸ್ಟಿನಷ್ಟು ಗಟ್ಟಿಯಾಗುವವರೆಗೆ ಕಾಯ್ದು ಆಮೇಲೆ ಕೆಲವೇ ಮಿಲಿಲೀಟರು ಒಳಕ್ಕೆ ತಳ್ಳುತ್ತಾರೆ. ಎಕ್ಸ್-ರೇಯಲ್ಲಿ ಕಾಣಲೆಂದು ಅದರಲ್ಲಿ ಬೇರಿಯಂ ಬೆರೆಸಿರುತ್ತಾರೆ. ಸಿಮೆಂಟು ನಿಮಿಷಗಳಲ್ಲಿ ಕಲ್ಲಾಗುತ್ತದೆ. ಹೊಲಿಗೆಯಿಲ್ಲ, ಚರ್ಮದ ಮೇಲೊಂದು ಸಣ್ಣ ತೂತು ಮಾತ್ರ. ಒಂದೆರಡು ಗಂಟೆ ಮಲಗಿಸಿಟ್ಟು, ಹೆಚ್ಚಿನವರನ್ನು ಅಂದೇ ಅಥವಾ ಮಾರನೆಯ ದಿನ ಮನೆಗೆ ಕಳಿಸುತ್ತಾರೆ.

1998ರಲ್ಲಿ ಅಮೆರಿಕದ ಮೂಳೆವೈದ್ಯ ಮಾರ್ಕ್ ರೈಲಿ ಇದಕ್ಕೊಂದು ತಿದ್ದುಪಡಿ ತಂದರು. ಸೂಜಿಯ ಮೂಲಕ ಮೊದಲು ಒಂದು ಪುಟ್ಟ ಬಲೂನನ್ನು ಒಳಗೆ ಬಿಟ್ಟು ಉಬ್ಬಿಸುವುದು, ಕುಸಿದ ಛಾವಣಿಯನ್ನು ಆದಷ್ಟು ಮೇಲೆತ್ತುವುದು, ಬಲೂನು ತೆಗೆದು ಆ ಪೊಳ್ಳಿಗೆ ಗಟ್ಟಿ ಸಿಮೆಂಟು ತುಂಬುವುದು. ಇದು ಕೈಫೋಪ್ಲಾಸ್ಟಿ. ಸಿಮೆಂಟು ಸೋರುವುದು ಇದರಲ್ಲಿ ಕಡಿಮೆ. ಖರ್ಚು ಬಹಳ ಹೆಚ್ಚು. ನೋವಿನ ದೃಷ್ಟಿಯಿಂದ ಎರಡಕ್ಕೂ ದೊಡ್ಡ ವ್ಯತ್ಯಾಸವಿಲ್ಲ ಎಂಬುದೇ ನನ್ನ ಅಭಿಪ್ರಾಯ. ಬಲೂನಿಗಾಗಿ ಸಾಲ ಮಾಡಬೇಕಿಲ್ಲ.

ಹುಸಿ ಸೂಜಿಯ ಪರೀಕ್ಷೆ

ಸ್ಟ್ರೆಚರಿನ ಮೇಲೆ ಬಂದವರು ನಡೆದುಕೊಂಡು ಹೋದ ಪ್ರಸಂಗಗಳನ್ನು ಕಂಡವರೆಲ್ಲ ಈ ಚಿಕಿತ್ಸೆಯನ್ನು ಹಾಡಿ ಹೊಗಳಿದರು. ಸುಮಾರು ಇಪ್ಪತ್ತು ವರ್ಷ ಹೀಗೇ ನಡೆಯಿತು. ಆದರೆ ಒಂದು ಪ್ರಶ್ನೆ ಉಳಿದಿತ್ತು. ಈ ಮುರಿತ ತಾನಾಗಿಯೂ ವಾಸಿಯಾಗುತ್ತದಲ್ಲ, ಹಾಗಾದರೆ ನೋವು ಇಳಿಸಿದ್ದು ಸಿಮೆಂಟೋ, ಕಾಲವೋ, ಅಥವಾ "ನನಗೆ ಆಪರೇಷನ್ ಆಯಿತು" ಎಂಬ ನಂಬಿಕೆಯೋ?

ಇದನ್ನು ತಿಳಿಯಲು ಇರುವ ದಾರಿ ಒಂದೇ, ಹುಸಿ ಚಿಕಿತ್ಸೆಯೊಂದಿಗೆ ಹೋಲಿಸುವುದು. 2009ರ ಆಗಸ್ಟಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ವೈದ್ಯಕೀಯ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಇಂಥ ಎರಡು ಪರೀಕ್ಷೆಗಳ ಫಲಿತಾಂಶ ಬಂತು. ಅಮೆರಿಕದ ವೈದ್ಯರು ಮುನ್ನಡೆಸಿದ ಒಂದರಲ್ಲಿ 131 ರೋಗಿಗಳು, ಆಸ್ಟ್ರೇಲಿಯದ ಇನ್ನೊಂದರಲ್ಲಿ 78. ಚೀಟಿ ಎತ್ತಿದ ಹಾಗೆ ಆರಿಸಿ ಅರ್ಧ ಜನರಿಗೆ ನಿಜವಾದ ಸಿಮೆಂಟು, ಉಳಿದವರಿಗೆ ಹುಸಿ ಚಿಕಿತ್ಸೆ. ಹೀಗೆ ಮಾಡುತ್ತೇವೆಂದು ಮೊದಲೇ ತಿಳಿಸಿ ಒಪ್ಪಿಗೆ ಪಡೆದಿದ್ದರು. ಹುಸಿ ಗುಂಪಿನವರನ್ನೂ ಅದೇ ಕೋಣೆಗೆ ಕರೆದೊಯ್ದರು, ಅದೇ ಮರವಿನ ಮದ್ದು ಚುಚ್ಚಿದರು. ಸಿಮೆಂಟು ಕಲಸುವಾಗ ಉಗುರುಬಣ್ಣದಂತಹ ಘಾಟು ಬರುತ್ತದೆ. ಆ ವಾಸನೆಯೂ ಕೋಣೆಯಲ್ಲಿ ಹರಡುವಂತೆ ನೋಡಿಕೊಂಡರು. ಸಿಮೆಂಟು ಮಾತ್ರ ಹಾಕಲಿಲ್ಲ.

ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಅಮೆರಿಕದ ಪರೀಕ್ಷೆಯಲ್ಲಿ ನೋವು 10ರಲ್ಲಿ ಸುಮಾರು 7 ಇದ್ದದ್ದು ತಿಂಗಳ ಹೊತ್ತಿಗೆ 4ರ ಆಸುಪಾಸಿಗೆ ಇಳಿದಿತ್ತು, ಎರಡೂ ಗುಂಪುಗಳಲ್ಲಿ! ಆಸ್ಟ್ರೇಲಿಯದಲ್ಲೂ ಸಿಮೆಂಟು ಹಾಕಿಸಿಕೊಂಡವರಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಚಿಕಿತ್ಸೆ ಮಾಡುತ್ತಿದ್ದವರು ಸಿಟ್ಟಾದರು. ವರ್ಷದವರೆಗಿನ ಹಳೆಯ ಮುರಿತಗಳನ್ನೂ ಸೇರಿಸಿಕೊಂಡಿದ್ದಾರೆ, ನಿಜವಾಗಿ ನರಳುತ್ತಿದ್ದವರು ಇಂಥ ಪರೀಕ್ಷೆಗೆ ಒಪ್ಪುವುದೇ ಇಲ್ಲ ಎಂದು ಆಕ್ಷೇಪಿಸಿದರು. ಆಕ್ಷೇಪಣೆಯಲ್ಲಿ ಹುರುಳಿತ್ತು. ಹಾಗಾಗಿ ಸಿಡ್ನಿಯ ನಾಲ್ಕು ಆಸ್ಪತ್ರೆಗಳಲ್ಲಿ 60 ದಾಟಿದ, ಮುರಿತವಾಗಿ ಆರು ವಾರ ತುಂಬದ, ನೋವು 10ರಲ್ಲಿ 7 ಅಥವಾ ಮೇಲಿದ್ದ 120 ಮಂದಿಯನ್ನಷ್ಟೇ ಆರಿಸಿ ಮತ್ತೆ ಪರೀಕ್ಷೆ ನಡೆಯಿತು. 2016ರಲ್ಲಿ ಬಂದ ಫಲಿತಾಂಶದ ಪ್ರಕಾರ ಎರಡು ವಾರಗಳ ಕೊನೆಗೆ ನೋವು 4ಕ್ಕಿಂತ ಕೆಳಗಿಳಿದವರು ಸಿಮೆಂಟಿನ ಗುಂಪಿನಲ್ಲಿ ಶೇಕಡಾ 44, ಹುಸಿ ಗುಂಪಿನಲ್ಲಿ 21. ಇನ್ನೇನು ವಾದ ಮುಗಿಯಿತು ಎನ್ನುವಷ್ಟರಲ್ಲಿ, 2018ರಲ್ಲಿ ನೆದರ್‌ಲೆಂಡ್ಸಿನಿಂದ 180 ಮಂದಿಯ ಪರೀಕ್ಷೆ ಬಂತು. ಅಲ್ಲಿಯೂ ಹೊಸ ಮುರಿತಗಳೇ, ಆದರೆ ಎರಡು ಗುಂಪುಗಳಿಗೆ ಗಣನೀಯ ವ್ಯತ್ಯಾಸವಿರಲಿಲ್ಲ. ಸಿಡ್ನಿಯ ಹುಸಿ ಚಿಕಿತ್ಸೆಯಲ್ಲಿ ಸೂಜಿ ಮೂಳೆಯವರೆಗೆ ಹೋಗಿರಲಿಲ್ಲ, ಉಳಿದವುಗಳಲ್ಲಿ ಮರವಿನ ಮದ್ದು ಮೂಳೆಯ ಹೊದಿಕೆಯವರೆಗೂ ತಲುಪಿತ್ತು. ಆ ಮದ್ದೇ ಒಂದಿಷ್ಟು ನೋವು ಕಳೆದಿರಬಹುದೇ ಎಂಬ ಚರ್ಚೆ ಇದೆ.

ಇಷ್ಟನ್ನೂ ಯಾಕೆ ಹೇಳಿದೆನೆಂದರೆ, "ಸಿಮೆಂಟು ಹಾಕಿಸಿಬಿಡಿ" ಎಂಬ ಮಾತು ಅಷ್ಟು ಸಲೀಸಾದುದಲ್ಲ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಗೆ ಸಲಹೆ ಕೊಡುವ ನೈಸ್ ಸಂಸ್ಥೆ 2013ರಲ್ಲಿ ಹಾಕಿಕೊಟ್ಟ ಗೆರೆ ನನಗೆ ಇಂದಿಗೂ ವಿವೇಕದ್ದೆನಿಸುತ್ತದೆ. ಮುರಿತ ಹೊಸದಾಗಿರಬೇಕು, ಕೂಡಿರಬಾರದು. ಸರಿಯಾದ ಔಷಧಿ ಕೊಟ್ಟ ಮೇಲೂ ನೋವು ತೀವ್ರವಾಗಿಯೇ ಇರಬೇಕು. ಆ ನೋವು ಅದೇ ಮಣಿಯದೆಂದು ಕೈಯಿಂದ ಮುಟ್ಟಿ ಪರೀಕ್ಷಿಸಿಯೂ ಚಿತ್ರಗಳಿಂದಲೂ ಖಚಿತವಾಗಿರಬೇಕು. ಹೊಸತೋ ಹಳತೋ ಎಂದು ಎಕ್ಸ್-ರೇ ಹೇಳಲಾರದು. ಎಂ.ಆರ್.ಐ. ಹೇಳುತ್ತದೆ. ಹೊಸ ಮುರಿತದಲ್ಲಿ ಮೂಳೆಯೊಳಗೆ ನೀರು ತುಂಬಿ, ಅದಕ್ಕೆಂದೇ ತೆಗೆಯುವ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಹತ್ತು ವರ್ಷದ ಹಿಂದೆ ಕುಸಿದು ಗಟ್ಟಿಯಾದ ಮಣಿಗೆ ಸಿಮೆಂಟು ಹಾಕುವುದು ಹಣವನ್ನು ಮಣ್ಣುಪಾಲು ಮಾಡಿದಂತೆ.

ಅಪಾಯಗಳೂ ಇವೆ. ಸಿಮೆಂಟು ಮಣಿಯ ಹೊರಗೆ ಸೋರುವುದು ಸಾಮಾನ್ಯ, ಬಹಳಷ್ಟು ಸಲ ಅದರಿಂದ ತೊಂದರೆಯಿಲ್ಲ. ಅಪರೂಪಕ್ಕೆ ಹಿಂದಕ್ಕೆ ಸೋರಿ ನರವನ್ನೋ ಬೆನ್ನುಹುರಿಯನ್ನೋ ಒತ್ತಬಹುದು, ರಕ್ತನಾಳ ಸೇರಿ ಶ್ವಾಸಕೋಶಕ್ಕೆ ಹೋಗಬಹುದು. ತುರ್ತಾಗಿ ಬೆನ್ನು ತೆರೆದು ಶಸ್ತ್ರಕ್ರಿಯೆ ಮಾಡಬಲ್ಲವರು ಹತ್ತಿರದಲ್ಲಿರುವ ಆಸ್ಪತ್ರೆಯಲ್ಲೇ ಇದನ್ನು ಮಾಡಿಸಬೇಕೆಂದು ಹೇಳುವುದು ಇದಕ್ಕೇ.

ಸಿಮೆಂಟಿಗೆ ಮೊದಲು ಕೇಳಬೇಕಾದದ್ದು

ಕುಸಿದ ಮಣಿಗಳೆಲ್ಲ ಟೊಳ್ಳುಮೂಳೆಯವೇ ಅಲ್ಲ. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯ ಇಂದಿಗೂ ಅಪರೂಪವಲ್ಲ. ಮಜ್ಜೆಯ ಕ್ಯಾನ್ಸರಾದ ಮೈಲೋಮ, ಸ್ತನದಿಂದಲೋ ಶ್ವಾಸಕೋಶದಿಂದಲೋ ಹರಡಿದ ಕ್ಯಾನ್ಸರು, ಇವೂ ಮಣಿಯನ್ನು ತಿಂದು ಕುಸಿಯುವಂತೆ ಮಾಡುತ್ತವೆ. ಸಂಜೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ರಾತ್ರಿಯೆಲ್ಲ ಬಿಡದ ನೋವು ಇದ್ದರೆ ಮೊದಲು ರಕ್ತಪರೀಕ್ಷೆ, ಬೇಕೆನಿಸಿದರೆ ಸೂಜಿಯಿಂದ ಮೂಳೆಯ ಚೂರು ತೆಗೆದು ಪರೀಕ್ಷೆ. ಸೋಂಕಿರುವ ಮಣಿಗೆ ಸಿಮೆಂಟು ಹಾಕುವಂತೆಯೇ ಇಲ್ಲ. ಕ್ಯಾನ್ಸರಿನಿಂದ ಕುಸಿದ ಮಣಿಯ ನೋವಿಗೆ ಮಾತ್ರ ಇದು ಒಳ್ಳೆಯ ಉಪಶಮನ. ಕಾಲಿನಲ್ಲಿ ಬಲ ಕುಂದಿದರೆ, ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಅದು ಸೂಜಿಯ ಕೆಲಸವಲ್ಲ.

ಇನ್ನೊಂದು ಮಾತನ್ನು ಸಿಮೆಂಟು ಹಾಕಿಸಿಕೊಂಡು ಖುಷಿಯಾಗಿ ಮನೆಗೆ ಹೋದವರಿಗೇ ಹೇಳಬೇಕು. ಸಿಮೆಂಟು ಒಂದು ಮಣಿಯನ್ನು ಹಿಡಿದು ನಿಲ್ಲಿಸಿತು. ಉಳಿದ 23 ಟೊಳ್ಳಾಗಿಯೇ ಇವೆ. ಒಂದು ಮಣಿ ಕುಸಿದ ಹೆಂಗಸರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ವರ್ಷದೊಳಗೆ ಇನ್ನೊಂದು ಕುಸಿಯುತ್ತದೆ. ಆದರೂ ಆಸ್ಪತ್ರೆಯಿಂದ ಹೊರಡುವಾಗ ಅನೇಕರ ಕೈಯಲ್ಲಿ ನೋವಿನ ಮಾತ್ರೆಯ ಚೀಟಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಇದು ನಮ್ಮ ವೈದ್ಯರದೇ ತಪ್ಪು, ಒಪ್ಪಿಕೊಳ್ಳುತ್ತೇನೆ.

ಮೂಳೆ ಗಟ್ಟಿಮಾಡುವ ಔಷಧಿಗಳಿವೆ. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್, ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೋಲೆಡ್ರೋನಿಕ್ ಆಸಿಡ್, ಆರು ತಿಂಗಳಿಗೊಮ್ಮೆ ಡೆನೋಸುಮ್ಯಾಬ್ ಚುಚ್ಚುಮದ್ದು, ತೀರಾ ದುರ್ಬಲ ಮೂಳೆಯವರಿಗೆ ದಿನವೂ ಚುಚ್ಚಿಕೊಳ್ಳುವ ಟೆರಿಪ್ಯಾರಟೈಡ್. ವಾರದ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತುಂಬು ಲೋಟ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗದೆ, ಕಾಫಿಯನ್ನೂ ಕುಡಿಯದೆ ಇರಬೇಕು. ಇಲ್ಲವಾದರೆ ಅನ್ನನಾಳ ಸುಡುತ್ತದೆ, ಔಷಧಿಯೂ ಹತ್ತುವುದಿಲ್ಲ. ಆರು ತಿಂಗಳ ಚುಚ್ಚುಮದ್ದನ್ನು ಹೇಳದೆ ಕೇಳದೆ ನಿಲ್ಲಿಸಿದರೆ ಮಣಿಗಳು ಸಾಲಾಗಿ ಕುಸಿಯಬಹುದು. ಉಬ್ಬಸಕ್ಕೋ ಕೀಲುನೋವಿಗೋ ಬಹುಕಾಲ ಸ್ಟಿರಾಯ್ಡ್ ಮಾತ್ರೆ ತೆಗೆದುಕೊಂಡವರು ಅದನ್ನು ವೈದ್ಯರಿಗೆ ತಿಳಿಸಲೇಬೇಕು.

ರಾಗಿಯ ಬಗ್ಗೆ ಎಷ್ಟೋ ಜನ ಕೇಳುತ್ತಾರೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆ, ಅಕ್ಕಿ ಗೋಧಿ ಹತ್ತಿರವೂ ಬರುವುದಿಲ್ಲ. ಮುದ್ದೆ ತಿನ್ನಿ, ಒಳ್ಳೆಯದು. ಆದರೆ ಆ ಸುಣ್ಣ ಮೈಗೆ ಹತ್ತಲು ವಿಟಮಿನ್ ಡಿ ಬೇಕು, ಅದಕ್ಕೆ ಬಿಸಿಲು ಬೇಕು. ಮೇಲಾಗಿ ಒಮ್ಮೆ ಮಣಿ ಕುಸಿದ ಮೇಲೆ ಬರೀ ಮುದ್ದೆ ಸಾಲದು, ಔಷಧಿ ಬೇಕೇ ಬೇಕು.

ಕರೆ ಮಾಡಿದ ಮಗಳಿಗೆ ನಾನು ಹೇಳಬೇಕಾಗಿದ್ದದ್ದು ಇಷ್ಟು. ನಿಮ್ಮ ತಾಯಿಯ ಎಂ.ಆರ್.ಐ.ಯಲ್ಲಿ ಮುರಿತ ಹೊಸದೆಂದು ಬರೆದಿದೆಯೇ ಕೇಳಿ. ರಕ್ತಪರೀಕ್ಷೆ ಮಾಡಿಸಿ. ಸರಿಯಾದ ಪ್ರಮಾಣದ ನೋವಿನ ಔಷಧಿ ಕೊಟ್ಟು, ಪಟ್ಟಿ ಕಟ್ಟಿ, ಕೈಹಿಡಿದು ದಿನಕ್ಕೆ ನಾಲ್ಕು ಸಲ ಎಬ್ಬಿಸಿ ಕೂರಿಸಲು ಒಂದು ವಾರ ಪ್ರಯತ್ನಿಸಿ. ಕೂರಲು ಆದರೆ ಕಾಯಿರಿ. ದಿನೇ ದಿನೇ ಸುಧಾರಿಸುತ್ತಾರೆ. ಆಗಲೂ ಚೀರುತ್ತಿದ್ದರೆ ಆರು ವಾರ ಕಳೆಯುವವರೆಗೆ ಕಾಯಬೇಡಿ. ಈ ಕೆಲಸ ಮಾಡಿ ಅನುಭವವಿರುವವರ ಹತ್ತಿರ ಸೂಜಿಯ ಚಿಕಿತ್ಸೆ ಮಾಡಿಸಿ. ಮಾಡಿಸಿದರೂ ಬಿಟ್ಟರೂ ಮೂಳೆಯ ಔಷಧಿಯನ್ನು ತಡಮಾಡದೆ ಶುರುಮಾಡಿ. ಮುಂದೆ ಬಸ್ಸು ಹತ್ತುವಾಗ ಕೊನೆಯ ಸೀಟು ಬೇಡ, ಎರಡು ಚಕ್ರಗಳ ನಡುವಿನ ಸೀಟಿನಲ್ಲಿ ಕೂರಿಸಿ. ಮನೆಯ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಎತ್ತರವನ್ನು ಪೆನ್ಸಿಲಿನಿಂದ ಗುರುತಿಟ್ಟುಕೊಳ್ಳಿ, ಪಕ್ಕದಲ್ಲೇ ತಾರೀಖು ಬರೆಯಿರಿ. ಮುಂದಿನ ಸಲ ಗುರುತು ಕೆಳಗಿಳಿದಿದ್ದರೆ ನೋವಿಲ್ಲದಿದ್ದರೂ ಒಂದು ಎಕ್ಸ್-ರೇ ತೆಗೆಸಿ.